ನಾಣ್ಯವಿಲ್ಲದ ನಾಡಿನ ವ್ಯಾಪಾರ



1704ನೆಯ ಇಸವಿಯ ಅಕ್ಟೋಬರ್ ತಿಂಗಳಿನಲ್ಲಿ, ಬಾಸ್ಟನ್ ಪಟ್ಟಣದ ಸಾರಾ ಕೆಂಬಲ್ ನೈಟ್ ಎಂಬ ಗೃಹಿಣಿಯೊಬ್ಬಳು, ಬಂಧುಗಳ ಆಸ್ತಿಯೊಂದರ ವ್ಯವಹಾರವನ್ನು ತೀರಿಸಿಕೊಡುವ ಸಲುವಾಗಿ, ದಾರಿ ತೋರಿಸುವವರನ್ನು ಕೂಲಿಗೆ ಗೊತ್ತುಮಾಡಿಕೊಂಡು, ಕುದುರೆಯೇರಿ, ನ್ಯೂಹೇವನ್ ಮಾರ್ಗವಾಗಿ ನ್ಯೂಯಾರ್ಕಿನವರೆಗೆ ಪ್ರಯಾಣ ಮಾಡಿದಳು. ಸೇತುವೆಯಿಲ್ಲದ ಹೊಳೆಗಳನ್ನು ದಾಟುತ್ತ, ಅಲುಗಾಡಿದರೆ ಮಗುಚಿಕೊಳ್ಳುವಂತಹ ಕಿರುದೋಣಿಯಲ್ಲಿ ಉಸಿರು ಬಿಗಿಹಿಡಿದು ಕುಳಿತು, ನಿದ್ರೆ ಬಾರದ ಹಾಸಿಗೆಗಳನ್ನೂ ಬಾಯಿಗಿಡಲಾಗದ ಅಡಿಗೆಯನ್ನೂ ಹಳಿಯುತ್ತ ಅವಳು ಬರೆದಿಟ್ಟ ದಿನಚರಿಯು, ಅವಳು ತೀರಿಕೊಂಡು ಸುಮಾರು ಒಂದು ಶತಮಾನ ಕಳೆದ ಮೇಲೆ, 1825ರಲ್ಲಿ ಅಚ್ಚಾಯಿತು. ಅಮೆರಿಕದ ವಸಾಹತುಗಳ ಚರಿತ್ರೆಯನ್ನು ಬರೆದವರು ಗವರ್ನರುಗಳ ಪತ್ರಗಳನ್ನೂ ಯುದ್ಧಗಳ ವರದಿಗಳನ್ನೂ ಸಾಕಷ್ಟು ಉಳಿಸಿಕೊಟ್ಟಿದ್ದಾರೆ. ಒಂದು ಅಂಗಡಿಯೊಳಗೆ ಆ ಕಾಲದ ಮನುಷ್ಯನು ಹೇಗೆ ನಿಲ್ಲುತ್ತಿದ್ದನೆಂಬುದನ್ನು ಈ ಹೆಂಗಸಿನಷ್ಟು ಸ್ಪಷ್ಟವಾಗಿ ಹೇಳಿದವರು ವಿರಳ.

ನ್ಯೂಹೇವನ್ನಿನ ವರ್ತಕನು ಪದಾರ್ಥದ ಬೆಲೆಯನ್ನು ಹೇಳುವುದಕ್ಕೆ ಮುಂಚೆ, ಗಿರಾಕಿಯು ಕೊಡುವುದು ಯಾವ ಬಗೆಯ ಹಣವೆಂದು ಕೇಳುತ್ತಾನೆ. ಧಾನ್ಯ, ಹಂದಿಯ ಮಾಂಸ, ದನದ ಮಾಂಸ ಮೊದಲಾದುವನ್ನು ಆ ವರ್ಷ ಶಾಸನಸಭೆಯು ಗೊತ್ತುಮಾಡಿದ ದರದಂತೆ ಕೊಡುವುದು ಒಂದು ಬಗೆ, ಅವೇ ಸರಕುಗಳನ್ನು ಆ ದರಕ್ಕಿಂತ ಮೂರರಲ್ಲೊಂದು ಪಾಲು ಇಳಿಸಿ, ನಗದಿಗೆ ಸಮವೆಂದು ಒಪ್ಪಿಸಿ ಕೊಡುವುದು ಇನ್ನೊಂದು, ಸ್ಪೇನಿನ ಬೆಳ್ಳಿಯನ್ನೋ ಬಾಸ್ಟನ್ನಿನ ಷಿಲಿಂಗುಗಳನ್ನೋ ಎಣಿಸಿಕೊಡುವುದು ಮೂರನೆಯದು, ಉದ್ರಿಯು ನಾಲ್ಕನೆಯದು. ಆರು ಪೆನ್ಸಿನ ಚೂರಿಯೊಂದಕ್ಕೆ ಗಟ್ಟಿ ನಾಣ್ಯವಾದರೆ ಆರು ಪೆನ್ಸು, ನಗದಿಗೆ ಸಮವೆನಿಸಿದ ಸರಕಾದರೆ ಎಂಟು, ಬರಿಯ ಸರಕಾದರೆ ಹನ್ನೆರಡು. ಚಿಲ್ಲರೆಯ ಕೆಲಸಕ್ಕೆ ಕಡಲ ಚಿಪ್ಪಿನ ಮಣಿಗಳು ಇದ್ದವು. ಹೊಗೆಸೊಪ್ಪನ್ನು ದವಡೆಯ ತುಂಬ ತುರುಕಿಕೊಂಡು ಒಳಗೆ ಬಂದ ಹಳ್ಳಿಗನೊಬ್ಬನು ಅಂಗಡಿಯ ನೆಲದ ಮೇಲೆ ಉಗುಳಿ, ಅದರ ಮೇಲೆ ಕಾಲಿನಿಂದ ಮಣ್ಣೆಳೆದು, ಸುತ್ತ ಕಣ್ಣಾಡಿಸುತ್ತ ಬಹಳ ಹೊತ್ತು ಸುಮ್ಮನೆ ನಿಂತಿದ್ದು, ಕೊನೆಗೆ ಟೋಪಿಗೆ ಕಟ್ಟುವ ಪಟ್ಟಿಯುಂಟೇ ಎಂದು ಕೇಳಿದನಂತೆ. ಪಟ್ಟಣದ ಹೆಂಗಸು ಅವನನ್ನು ಕಂಡು ಮನಸಾರೆ ನಗುತ್ತಾಳೆ. ಆದರೆ ನಗುವಿನ ನಡುವೆಯೇ ಆಕೆ ಬರೆದಿರುವ ಒಂದು ಮಾತಿಗಾಗಿ ಅವಳ ಉಳಿದ ಕುಚೋದ್ಯಗಳನ್ನೆಲ್ಲ ಕ್ಷಮಿಸಬಹುದು: ಈ ಜನರು ಅಂಗಡಿಯಲ್ಲಿ ಮಾತಿಲ್ಲದೆ ನಿಲ್ಲುವುದು ವರ್ತಕರ ಮೇಲಣ ಭಯದಿಂದ, ಏಕೆಂದರೆ ಅವರು ಸದಾ ಆ ವರ್ತಕರಿಗೆ ಸಾಲಗಾರರಾಗಿರುತ್ತಾರೆ, ಎಂದು ಆಕೆ ಹೇಳುತ್ತಾಳೆ.

ಈ ಮೌನದ ಕಾರಣವೇ ಈ ಹೊತ್ತಿನ ನನ್ನ ಉಪನ್ಯಾಸದ ವಿಷಯ. ವಸಾಹತುಗಳಲ್ಲಿ ಬೆಳ್ಳಿಯ ಗಣಿಗಳಿರಲಿಲ್ಲ. ಇಂಗ್ಲೆಂಡು ತನ್ನ ನಾಣ್ಯವನ್ನು ಅಲ್ಲಿಗೆ ಕಳುಹಿಸುವುದಕ್ಕೆ ಒಪ್ಪುತ್ತಿರಲಿಲ್ಲ. ಕೆರಿಬಿಯನ್ ದ್ವೀಪಗಳ ವ್ಯಾಪಾರದಿಂದ ಕೈಗೆ ಬಂದ ಸ್ಪೇನಿನ ಬೆಳ್ಳಿಯಾದರೂ, ಮೊಳೆ, ಸೂಜಿ, ಗಾಜು, ಬಟ್ಟೆ, ಬಂದೂಕುಗಳ ಬಾಬ್ತು ಲಂಡನ್ನಿನ ವರ್ತಕರಿಗೆ ಸಲ್ಲಬೇಕಾಗಿದ್ದಿತು. ಉತ್ತರೋತ್ತರ ಶ್ರೀಮಂತವಾಗುತ್ತಿದ್ದ ನಾಡೊಂದು ನಾಣ್ಯದ ಮಟ್ಟಿಗೆ ನಿತ್ಯ ದರಿದ್ರವಾಗಿ ಉಳಿಯಿತು. ಆದುದರಿಂದ ಆಯಾ ಪ್ರಾಂತದವರು ತಮ್ಮ ನೆಲದಿಂದಲೋ ನೆರೆಯವರಿಂದಲೋ ಕಿತ್ತುಕೊಂಡ ಪದಾರ್ಥವನ್ನೇ ಹಣವನ್ನಾಗಿ ಮಾಡಿಕೊಂಡರು. ಮತ್ತು ಅಂತಹ ಪ್ರತಿಯೊಂದು ಹಣವೂ ತನ್ನದೇ ಆದ ಕಲಹವನ್ನು ಒಡಲಲ್ಲಿಟ್ಟುಕೊಂಡೇ ಬಂದಿತು.

ಮೊದಲು ಆ ಚಿಪ್ಪಿನ ಮಣಿಗಳ ಸಂಗತಿ. ಲಾಂಗ್ ಐಲೆಂಡಿನ ಸುತ್ತಲಿನ ಕರಾವಳಿಯಲ್ಲಿ ಸಿಕ್ಕುವ ಎರಡು ಜಾತಿಯ ಚಿಪ್ಪುಗಳನ್ನು ಒಡೆದು, ಕಲ್ಲಿನ ಮೇಲೆ ಉಜ್ಜಿ, ನಡುವೆ ರಂಧ್ರ ಕೊರೆದು, ಬಿಳಿಯ ಮತ್ತು ಊದಾ ಬಣ್ಣದ ಸಣ್ಣ ಮಣಿಗಳನ್ನು ಅಲ್ಲಿನ ಮೂಲನಿವಾಸಿಗಳು ಮಾಡುತ್ತಿದ್ದರು. ವಾಂಪಮ್ ಎಂದು ಅದಕ್ಕೆ ಹೆಸರು. ಊದಾ ಮಣಿಯು ಬಿಳಿಯದರ ಇಮ್ಮಡಿ ಬೆಲೆಯದು. ಅದನ್ನು ಮಾಡಿದವರಿಗೆ ಅದು ಅಂಗಡಿಯ ಹಣವಾಗಿರಲಿಲ್ಲ. ಸತ್ತವರ ಮನೆಯವರನ್ನು ಸಂತೈಸುವಾಗ, ಸಂಧಾನದ ಮಾತನ್ನು ಒಪ್ಪಿಸುವಾಗ, ಒಡಂಬಡಿಕೆಯನ್ನು ನೆನಪಿನಲ್ಲಿಡುವಾಗ ಕೈಯಿಂದ ಕೈಗೆ ಹೋಗುವ ಪೂಜ್ಯವಸ್ತು ಅದಾಗಿದ್ದಿತು. ಒಳನಾಡಿನ ಜನರು ಈ ಮಣಿಗಳಿಗೆ ಪ್ರತಿಯಾಗಿ ಬೀವರ್ ಎಂಬ ನೀರುಪ್ರಾಣಿಯ ತುಪ್ಪುಳುಚರ್ಮವನ್ನು ಸಂತೋಷದಿಂದ ಕೊಡುತ್ತಾರೆಂಬುದನ್ನು ಡಚ್ ವರ್ತಕರು ಮೊದಲು ಕಂಡುಕೊಂಡರು; 1627ರಲ್ಲಿ ಅವರಲ್ಲೊಬ್ಬನಾದ ಐಸಾಕ್ ಡಿ ರಾಸಿಯೆರ್ ಎಂಬವನು ಪ್ಲಿಮತ್ತಿನ ಇಂಗ್ಲಿಷರಿಗೆ ಮಣಿಗಳನ್ನು ಮಾರಿ, ಆ ಗುಟ್ಟನ್ನು ಅವರಿಗೂ ಕಲಿಸಿದನು. ಯೂರೋಪಿನಲ್ಲಿ ಬೀವರಿನ ತುಪ್ಪುಳಿನಿಂದ ಮಾಡಿದ ಟೋಪಿಗೆ ಗಿರಾಕಿಗಳು ಮುಗಿಬೀಳುತ್ತಿದ್ದ ಕಾಲವದು. 1626ರ ನವೆಂಬರಿನಲ್ಲಿ ಆಮ್‌ಸ್ಟರ್‌ಡಾಮಿಗೆ ಬಂದು ಸೇರಿದ ಒಂದೇ ಹಡಗಿನಲ್ಲಿ 7,246 ಬೀವರ್ ಚರ್ಮಗಳಿದ್ದವೆಂದು ಪೀಟರ್ ಶಾಗೆನ್ ಎಂಬ ಅಧಿಕಾರಿಯು ತನ್ನ ಸರ್ಕಾರಕ್ಕೆ ಬರೆದ ಪತ್ರದಲ್ಲಿ ಲೆಕ್ಕ ಒಪ್ಪಿಸಿದ್ದಾನೆ. ಮ್ಯಾನ್‌ಹಟನ್ ದ್ವೀಪವನ್ನು 60 ಗಿಲ್ಡರಿನ ಬೆಲೆಗೆ ಕೊಂಡ ಸಂಗತಿಯೂ ಅದೇ ಪತ್ರದಲ್ಲಿದೆ. ಇಂದಿನ ಓದುಗರ ಕಣ್ಣು ದ್ವೀಪದ ಕ್ರಯದ ಮೇಲೆ ನೆಟ್ಟುಬಿಡುತ್ತದೆ. ಶಾಗೆನ್ನನಾದರೋ ಒಂದು ವಾಕ್ಯದಲ್ಲಿ ದ್ವೀಪವನ್ನು ಮುಗಿಸಿ, ಚರ್ಮಗಳನ್ನು ಜಾತಿವಾರು ಎಣಿಸಿದನು.

ಮಣಿಗೆ ಚರ್ಮ, ಚರ್ಮಕ್ಕೆ ಇಂಗ್ಲೆಂಡಿನ ಸರಕು, ಎಂಬ ಈ ಸರಪಳಿಯು ಗಟ್ಟಿಯಾದೊಡನೆ, ಮಣಿ ಮಾಡುವ ಕರಾವಳಿ ಯಾರ ವಶದಲ್ಲಿರಬೇಕೆಂಬ ಪ್ರಶ್ನೆ ಎದ್ದಿತು. ಕನೆಕ್ಟಿಕಟ್ ಸೀಮೆಯಲ್ಲಿ ಮಣಿಗಳ ವ್ಯಾಪಾರವನ್ನು ಹಿಡಿತದಲ್ಲಿಟ್ಟುಕೊಂಡಿದ್ದವರು ಪೀಕ್ವಾಟ್ ಜನ. ವರ್ತಕರಿಬ್ಬರ ಕೊಲೆಯ ನೆಪದಿಂದ ಹೊತ್ತಿಕೊಂಡ ಜಗಳವು ಬೆಳೆದು, 1637ರ ಮೇ 26ರಂದು ಬೆಳಗಿನ ಜಾವದಲ್ಲಿ ಜಾನ್ ಮೇಸನ್ನನ ಸೈನಿಕರು, ಪೀಕ್ವಾಟರಿಗೆ ಆಗದ ನೆರೆಯ ಕುಲಗಳವರನ್ನು ಜೊತೆಗೂಡಿಸಿಕೊಂಡು, ಮಿಸ್ಟಿಕ್ ನದಿಯ ದಡದ ಮರಗೋಟೆಯ ಊರೊಂದಕ್ಕೆ ಬೆಂಕಿಯಿಟ್ಟರು. ಹೊರಬರುವುದಕ್ಕೆ ಇದ್ದ ದಾರಿಗಳು ಎರಡು, ಎರಡರಲ್ಲೂ ಬಂದೂಕುಗಳಿದ್ದವು. ಸುಮಾರು ಒಂದು ಗಂಟೆಯೊಳಗೆ ನೂರಾರು ಮಂದಿ, ಹೆಚ್ಚಾಗಿ ಹೆಂಗಸರು, ಮಕ್ಕಳು, ಮುದುಕರು, ಸುಟ್ಟೂ ಗುಂಡಿಗೆ ಸಿಕ್ಕಿಯೂ ಸತ್ತರು. ಮರುವರ್ಷ ಹಾರ್ಟ್‌ಫರ್ಡಿನಲ್ಲಿ ಬರೆದ ಒಡಂಬಡಿಕೆಯು, ಉಳಿದವರನ್ನು ಇತರ ಕುಲಗಳಿಗೆ ಹಂಚಿ, ಪೀಕ್ವಾಟ್ ಎಂಬ ಹೆಸರನ್ನು ಯಾರೂ ಹೇಳಿಕೊಳ್ಳಕೂಡದೆಂದು ವಿಧಿಸಿ, ವಾಂಪಮ್ಮಿನ ವಾರ್ಷಿಕ ಕಪ್ಪವನ್ನು ಹೇರಿತು. ಕೋಟೆ ಸುಟ್ಟ ಅದೇ ವರ್ಷ ಮ್ಯಾಸಚೂಸೆಟ್ಸ್ ಶಾಸನಸಭೆಯು ಪೆನ್ನಿಗೆ ಆರು ಮಣಿಯಂತೆ, ಹನ್ನೆರಡು ಪೆನ್ಸಿನೊಳಗಿನ ಬಾಕಿಗಳಿಗೆ ವಾಂಪಮ್ಮನ್ನು ಒಪ್ಪಿಕೊಳ್ಳಬೇಕೆಂದು ಕಟ್ಟಳೆ ಮಾಡಿದ್ದಿತು. ಶೋಕಸಾಂತ್ವನದ ಮಣಿಯು ಹೀಗೆ ಮೊದಲು ಚಿಲ್ಲರೆಯಾಗಿ, ಬಳಿಕ ಸೋತವರು ತೆರುವ ದಂಡವಾಗಿ ಪರಿಣಮಿಸಿತು. ಬೀವರುಗಳನ್ನು ಹಿಡಿದು ಹಿಡಿದು ಕರಾವಳಿಯಲ್ಲಿ ಅವು ತೀರಿಹೋದಂತೆಲ್ಲ ಮಣಿಯ ಬೆಲೆಯೂ ಕುಸಿದು, 1661ರಲ್ಲಿ ಆ ಕಟ್ಟಳೆಯನ್ನೇ ಹಿಂತೆಗೆದುಕೊಳ್ಳಬೇಕಾಯಿತು. ಒಳನಾಡಿನಲ್ಲಿಯಾದರೋ ತುಪ್ಪುಳಿನ ನಾಡುಗಳಿಗಾಗಿ ಇರೊಕ್ವಾ ಎಂಬ ಕುಲಗಳ ಒಕ್ಕೂಟದವರು ಹ್ಯೂರನ್ ಕುಲದವರ ಮೇಲೆ ದಂಡೆತ್ತಿ, 1649ರಲ್ಲಿ ಅವರನ್ನು ದಿಕ್ಕಾಪಾಲು ಮಾಡಿದರು.

ದಕ್ಷಿಣದಲ್ಲಿ, ವರ್ಜಿನಿಯದಲ್ಲಿ, ಹಣವು ಹೊಲದಲ್ಲೇ ಬೆಳೆಯಿತು. 1607ರಲ್ಲಿ ಜೇಮ್ಸ್‌ಟೌನಿನಲ್ಲಿ ನೆಲೆಯೂರಿದವರು ಹಸಿವಿನಿಂದಲೂ ರೋಗದಿಂದಲೂ ಸಾಯುತ್ತ ಚಿನ್ನವನ್ನು ಹುಡುಕುತ್ತಿದ್ದರು. 1612ರ ಸುಮಾರಿಗೆ ಜಾನ್ ರಾಲ್ಫ್ ಎಂಬವನು ಸ್ಪೇನಿನವರ ಸೀಮೆಯ ಸೌಮ್ಯವಾದ ಹೊಗೆಸೊಪ್ಪಿನ ಬೀಜವನ್ನು ತಂದು ಬಿತ್ತಿದ ಮೇಲೆ ಆ ವಸಾಹತಿಗೆ ಜೀವ ಬಂದಿತು. ಪ್ರಸಂಗವಶಾತ್ ಹೇಳುವುದಾದರೆ, ಅಷ್ಟರೊಳಗೆ ಅಮೆರಿಕದ ಈ ಎಲೆಯು ನಮ್ಮ ವಿಜಾಪುರದಲ್ಲಿ ಬಳಕೆಗೆ ಬಂದಾಗಿದ್ದಿತು. ಅಲ್ಲಿಗೆ ರಾಯಭಾರಿಯಾಗಿ ಬಂದಿದ್ದ ಅಸದ್ ಬೇಗನು ಅದನ್ನೂ ಅದನ್ನು ಸೇದುವ ರತ್ನಖಚಿತವಾದ ನಳಿಗೆಯನ್ನೂ ಕೊಂಡುಹೋಗಿ ಅಕ್ಬರನ ಆಸ್ಥಾನದಲ್ಲಿ ಒಪ್ಪಿಸಿದನೆಂಬುದು ಅವನೇ ಬರೆದಿಟ್ಟ ಸಂಗತಿ. ವರ್ಜಿನಿಯದಲ್ಲಿ ಹೊಗೆಸೊಪ್ಪಿನ ಗೀಳು ಎಷ್ಟು ಬಲಿತಿತೆಂದರೆ, 1617ರಲ್ಲಿ ಅಧಿಕಾರ ವಹಿಸಲು ಬಂದವನು ಬೀದಿಗಳಲ್ಲಿಯೂ ಸಂತೆಯ ಜಾಗದಲ್ಲಿಯೂ ಅದೇ ಬೆಳೆದಿರುವುದನ್ನು ಕಂಡನು. 1619ರಲ್ಲಿ ಸೇರಿದ ಮೊದಲ ಶಾಸನಸಭೆಯು ಉತ್ತಮ ಎಲೆಗೆ ಪೌಂಡಿಗೆ 3 ಷಿಲಿಂಗಿನಂತೆಯೂ ಎರಡನೆಯ ದರ್ಜೆಗೆ 18 ಪೆನ್ಸಿನಂತೆಯೂ ಬೆಲೆ ಕಟ್ಟಿತು. 1621ರಲ್ಲಿ, ವಸಾಹತನ್ನು ನಡೆಸುತ್ತಿದ್ದ ವರ್ಜಿನಿಯ ಕಂಪೆನಿಯವರು ಮದುವೆಗೆಂದು ಇಂಗ್ಲೆಂಡಿನಿಂದ ಕಳುಹಿಸಿದ ಕನ್ಯೆಯರನ್ನು ವರಿಸುವವರು ಹಡಗಿನ ಖರ್ಚಿಗಾಗಿ ತಲೆಗೆ 150 ಪೌಂಡು ಉತ್ತಮ ಎಲೆಯನ್ನು ತೆರಬೇಕೆಂದು ವಿಧಿಸಿದ್ದರು.

ಈ ಬೆಳೆಯ ಸ್ವಭಾವವನ್ನು ಸ್ವಲ್ಪ ನೋಡಬೇಕು. ಚಳಿ ಮುಗಿಯುವುದರೊಳಗೆ ಸಸಿಮಡಿ, ಮಳೆ ಬಿದ್ದ ಮರುದಿನ ಸಸಿ ಕಿತ್ತು, ಒಂದೊಂದಕ್ಕೂ ಗುದ್ದಲಿಯಿಂದ ಏರಿಸಿದ ಮಣ್ಣಿನ ಗುಡ್ಡೆಯಲ್ಲಿ ನೆಡುವುದು, ಆಮೇಲೆ ಕಳೆ, ಗಿಡ ಎದ್ದ ಮೇಲೆ ತುದಿ ಚಿವುಟುವುದು, ಪಕ್ಕದ ಕುಡಿಗಳನ್ನು ಮುರಿಯುವುದು, ಎಲೆಯ ಅಡಿಯಲ್ಲಿ ಅಂಟಿಕೊಂಡ ಹುಳುಗಳನ್ನು ಬೆರಳಿನಿಂದ ಆರಿಸಿ ಹೊಸಕುವುದು, ಕೊಯ್ದ ಮೇಲೆ ಕೊಟ್ಟಿಗೆಯ ತೊಲೆಗಳಲ್ಲಿ ನೇತುಹಾಕಿ ಹದ ಕಾಯುವುದು. ಹೆಚ್ಚು ಒಣಗಿದರೆ ಎಲೆ ಪುಡಿಯಾಗುತ್ತದೆ, ಪಸೆ ಉಳಿದರೆ ಸಮುದ್ರದ ಮೇಲೆ ಕೊಳೆಯುತ್ತದೆ. ಕೊನೆಗೆ ದೊಡ್ಡ ಪೀಪಾಯಿಗಳಲ್ಲಿ ಒತ್ತಿ ತುಂಬಿ, ಹೊಳೆಯ ದಡದವರೆಗೆ ಉರುಳಿಸಿಕೊಂಡು ಹೋಗಬೇಕು. ಮೂರು ನಾಲ್ಕು ಬೆಳೆಗಳಾಗುವಷ್ಟರಲ್ಲಿ ನೆಲ ಸೋತು, ಹೊಸ ಕಾಡು ಕಡಿಯಬೇಕು. ಎಂದರೆ ಮೂಲನಿವಾಸಿಗಳ ನೆಲವನ್ನು ಇನ್ನಷ್ಟು ಒತ್ತರಿಸಬೇಕು. ಇಷ್ಟು ಕೈಗಳು ಎಲ್ಲಿಂದ ಬರಬೇಕು? ಮೊದಲಲ್ಲಿ ಹಡಗಿನ ಖರ್ಚಿಗೆ ಪ್ರತಿಯಾಗಿ ಕೆಲವು ವರ್ಷ ಜೀತಕ್ಕೆ ಬರೆದುಕೊಟ್ಟ ಇಂಗ್ಲೆಂಡಿನ ಬಡವರು ಬಂದರು. 1619ರಲ್ಲಿ ಪಾಯಿಂಟ್ ಕಂಫರ್ಟಿಗೆ ಬಂದ ಹಡಗೊಂದು ಇಪ್ಪತ್ತಕ್ಕೆ ಮೇಲ್ಪಟ್ಟ ಆಫ್ರಿಕದವರನ್ನು ಇಳಿಸಿ, ಬದಲಿಗೆ ಆಹಾರಸಾಮಗ್ರಿಯನ್ನು ಪಡೆದುಕೊಂಡು ಹೋಯಿತೆಂದು ಬರೆದವನು ಇದೇ ರಾಲ್ಫ್. ಆ ವಾಕ್ಯದಲ್ಲಿ ಮನುಷ್ಯರು ಸರಕಿನ ಸಾಲಿಗೆ ಸೇರಿದ್ದಾರೆ. ಶಾಸನವು ಅವರನ್ನು ಹಿಡಿಯುವುದಕ್ಕೆ ಇನ್ನೂ ಕೆಲವು ದಶಕಗಳು ಬೇಕಾದವು. 1662ರ ಕಟ್ಟಳೆಯು, ಹುಟ್ಟುವ ಮಗುವಿನ ಸ್ಥಿತಿಯು ತಾಯಿಯದನ್ನು ಅನುಸರಿಸತಕ್ಕದ್ದೆಂದು ಹೇಳಿದ ಮೇಲೆ, ಗುಲಾಮಳ ಗರ್ಭವೂ ಒಡೆಯನ ಜಮಾಬಾಬಿನಲ್ಲಿ ಸೇರಿಹೋಯಿತು. ಈ ಚರಿತ್ರೆಯಲ್ಲಿ ಇಷ್ಟು ತಣ್ಣಗಿನ ಕ್ರೌರ್ಯದ ವಾಕ್ಯವನ್ನು ನಾನು ಬೇರೆ ಕಂಡಿಲ್ಲ.

ಎಲೆಯೇ ಹಣವಾದಲ್ಲಿ ಬೆಲೆ ಇಳಿದರೆ ಆಗುವ ಅನರ್ಥಕ್ಕೆ ಮಿತಿಯಿಲ್ಲ. 1682ರಲ್ಲಿ ಗ್ಲಾಸ್ಟರ್ ಸೀಮೆಯ ರೈತರು, ಬೆಳೆ ಅತಿಯಾಗಿ ಬೆಲೆ ಬಿದ್ದುಹೋಯಿತೆಂದು, ಮೊದಲು ತಮ್ಮ ಹೊಲದ ಗಿಡಗಳನ್ನೂ ಬಳಿಕ ನೆರೆಯವರ ಹೊಲದ ಗಿಡಗಳನ್ನೂ ಕಡಿದುಹಾಕಿದರು. 1730ರ ಪರೀಕ್ಷಾ ಶಾಸನವು ಉಗ್ರಾಣಗಳನ್ನು ಸ್ಥಾಪಿಸಿ, ಕೀಳು ಎಲೆಯನ್ನು ಸುಡಿಸಿ, ಒಳ್ಳೆಯದಕ್ಕೆ ರಸೀದಿ ಕೊಡುವ ಏರ್ಪಾಟು ಮಾಡಿತು. ಆ ರಸೀದಿಗಳೇ ಕೈಯಿಂದ ಕೈಗೆ ಹಣವಾಗಿ ನಡೆದವು. ಏರ್ಪಾಟು ವಿವೇಕದ್ದೇ. ಆದರೆ ತನ್ನ ಬಡ ಹೊಲದ ಎಲೆಯು ಕಣ್ಣೆದುರಿಗೆ ಸುಡುವುದನ್ನು ನೋಡಿದ ಸಣ್ಣ ರೈತನಿಗೆ, ಸರ್ಕಾರವು ತನ್ನ ಗಂಟನ್ನೇ ಬೆಂಕಿಗೆ ಹಾಕಿದಂತೆ ಕಂಡುದು ಸಹಜ. ಅಂಥವರು ಒಂದೆರಡು ವರ್ಷಗಳೊಳಗೆ ಕೆಲವು ಉಗ್ರಾಣಗಳಿಗೂ ಬೆಂಕಿ ಹಚ್ಚಿದರು.

ಉತ್ತರದ ಹಳ್ಳಿಗಳ ಜೀವನವು ಇದಕ್ಕಿಂತ ಸೌಮ್ಯವಾಗಿ ಕಾಣುತ್ತದೆ. ಅಲ್ಲಿನ ರೈತನ ಮನೆಯಲ್ಲಿ ಬೈಬಲಿನ ಜೊತೆಗೆ ಒಂದು ಲೆಕ್ಕದ ಪುಸ್ತಕವಿರುತ್ತಿತ್ತು. ಒಂದು ದಿನದ ಎತ್ತಿನ ಉಳುಮೆ, ಒಂದು ಜೊತೆ ಬೂಟ್ಸು, ಸೇಬಿನ ಮದ್ಯದ ಪೀಪಾಯಿ, ನೇಯ್ದುಕೊಟ್ಟ ಬಟ್ಟೆ, ಇವೆಲ್ಲವನ್ನೂ ಪೌಂಡು, ಷಿಲಿಂಗು, ಪೆನ್ಸುಗಳಲ್ಲಿ ಬರೆಯುತ್ತಿದ್ದರು. ಆದರೆ ಒಂದು ಪೆನ್ನಿಯೂ ಕೈ ಬದಲಾಯಿಸುತ್ತಿರಲಿಲ್ಲ. ಹಿಂದೆ ನಮ್ಮ ಹಳ್ಳಿಗಳ ಆಯಗಾರನಿಗೆ ಸುಗ್ಗಿಯ ಕಣದಲ್ಲಿ ಧಾನ್ಯದ ಪಾಲು ಸಲ್ಲುತ್ತಿದ್ದಂತೆ ಅಲ್ಲಿಯೂ ಕೆಲಸಕ್ಕೆ ಸರಕೇ ಸಲ್ಲುತ್ತಿತ್ತಾದರೂ, ಆಯಕ್ಕೆ ರೂಢಿಯ ಅಳತೆಯಿದ್ದಿತು, ಅಲ್ಲಿ ಪ್ರತಿಯೊಂದು ಉಪಕಾರಕ್ಕೂ ಅಂಕಿಯಿದ್ದಿತು. ವರ್ಷಗಳು ಕಳೆದ ಮೇಲೆ ನೆರೆಯವರಿಬ್ಬರೂ ಎದುರುಬದುರು ಕುಳಿತು, ಲೆಕ್ಕ ಕೂಡಿ ಕಳೆದು, ಈ ದಿನದವರೆಗಿನದೆಲ್ಲ ಸರಿಹೋಯಿತೆಂದು ಸಹಿ ಹಾಕುತ್ತಿದ್ದರು; ಬಡ್ಡಿ ಸಾಮಾನ್ಯವಾಗಿ ಇಲ್ಲ. ಹೆಂಡತಿ ಕಡೆದ ಬೆಣ್ಣೆ, ಮಗಳು ನೂತ ನೂಲು ಗಂಡಸಿನ ಹೆಸರಿನ ಪುಟದಲ್ಲೇ ಜಮೆಯಾಗುತ್ತಿದ್ದುದರಿಂದ, ಆ ಸಂಸಾರಗಳನ್ನು ನಡೆಸಿದವರಲ್ಲಿ ಅರ್ಧ ಮಂದಿಯ ಹೆಸರು ಆ ಪುಸ್ತಕಗಳಲ್ಲಿ ಅಪರೂಪವಾಗಿಯೇ ಕಾಣುತ್ತದೆ. ನೆರೆಯವನ ಸಾಲ ಹೀಗೆ ಸ್ನೇಹದ ರೂಪದಲ್ಲಿದ್ದರೆ, ಅಂಗಡಿಯವನ ಸಾಲ ಹಾಗಿರಲಿಲ್ಲ. ಅವನ ತಲೆಯ ಮೇಲೆ ಬಾಸ್ಟನ್ನಿನ ದೊಡ್ಡ ವರ್ತಕ, ಆ ವರ್ತಕನ ಮೇಲೆ ಲಂಡನ್ನಿನ ಸಾಹುಕಾರ. ಅಲ್ಲಿ ಒಬ್ಬನು ಎಳೆದರೆ ಇಲ್ಲಿ ರೈತನು ನ್ಯಾಯಾಲಯದಲ್ಲಿ ನಿಲ್ಲಬೇಕು, ಕೆಲವು ವೇಳೆ ಸೆರೆಮನೆಯನ್ನೂ ಸೇರಬೇಕು.

ಇದೇ ಸಾಲದ ಸರಪಳಿಯು ಭಾಷೆ, ಕುಲ, ಶಾಸನಗಳು ಬೇರೆಯಾದವರ ಕೊರಳಿಗೆ ಬಿದ್ದಾಗ ಏನಾಗುತ್ತದೆಂಬುದನ್ನು ಕೆರೊಲಿನ ಕಂಡಿತು. ಅಲ್ಲಿನ ಹಣ ಜಿಂಕೆಯ ಚರ್ಮ. ಬಂದೂಕು, ಮದ್ದು, ಬಟ್ಟೆ, ರಮ್ ಮದ್ಯಗಳನ್ನು ಉದ್ರಿ ಕೊಟ್ಟ ವರ್ತಕರ ಲೆಕ್ಕದಂತೆ, 1711ರ ವೇಳೆಗೆ ಯಮಾಸೀ ಜನರ ಮೇಲಿದ್ದ ಬಾಕಿ ಒಂದು ಲಕ್ಷ ಚರ್ಮ. ಜಿಂಕೆಗಳು ವಿರಳವಾಗುತ್ತಿದ್ದ ಕಾಡಿನಲ್ಲಿ ಅಷ್ಟನ್ನು ಬೇಟೆಯಾಡಿ ತೀರಿಸುವುದು ಮನುಷ್ಯಸಾಧ್ಯವಾಗಿರಲಿಲ್ಲ. ವರ್ತಕರು ಬಾಕಿಗಾಗಿ ಸಾಲಗಾರರ ಹೆಂಡಿರು ಮಕ್ಕಳನ್ನು ಹಿಡಿದು ಗುಲಾಮರನ್ನಾಗಿ ಮಾರತೊಡಗಿದರು. 1715ರ ಏಪ್ರಿಲ್ 15, ಶುಭಶುಕ್ರವಾರ. ಮಾತುಕತೆಗೆಂದು ಪೊಕೊಟಾಲಿಗೊ ಊರಿಗೆ ಬಂದಿದ್ದ ವಸಾಹತಿನ ಪ್ರತಿನಿಧಿಗಳನ್ನೂ ವರ್ತಕರನ್ನೂ ಯಮಾಸೀಯರು ಬೆಳಗಾಗುವ ಹೊತ್ತಿಗೆ ಕೊಂದರು. ಸುತ್ತಲಿನ ಅನೇಕ ಕುಲಗಳು ತಮ್ಮಲ್ಲಿದ್ದ ವರ್ತಕರ ಮೇಲೂ ಹಾಗೆಯೇ ಎರಗಿದವು. ಕೆರೊಲಿನದವರು ಹೊಲಮನೆಗಳನ್ನು ಬಿಟ್ಟು ಚಾರ್ಲ್ಸ್‌ಟನ್ನಿನೊಳಗೆ ತುಂಬಿಕೊಂಡರು. 1716ರ ಮೊದಲಲ್ಲಿ ಚೆರೊಕೀ ಜನರು ಅವರ ಪಕ್ಷ ಸೇರದೆ ಹೋಗಿದ್ದರೆ ಆ ವಸಾಹತು ಉಳಿಯುತ್ತಿದ್ದುದು ಸಂಶಯ. ಆ ಚೆರೊಕೀಯರೂ ನೆರೆಯ ಕ್ರೀಕರೂ 1773ರಲ್ಲಿ ವರ್ತಕರ ಬಾಕಿಯನ್ನು ತೀರಿಸುವುದಕ್ಕಾಗಿ ಜಾರ್ಜಿಯದಲ್ಲಿ ಇಪ್ಪತ್ತು ಲಕ್ಷ ಎಕರೆಗೂ ಮಿಕ್ಕ ನೆಲವನ್ನು ಬರೆದುಕೊಟ್ಟರು. ಚರ್ಮವು ತೀರಿದ ಕಡೆ ನೆಲವೇ ನಾಣ್ಯವಾಯಿತು.

ತಮ್ಮದೇ ನಾಣ್ಯವನ್ನು ಅಚ್ಚುಹಾಕುವ ಧೈರ್ಯವನ್ನೂ ಒಬ್ಬರು ಮಾಡಿದರು. ಇಂಗ್ಲೆಂಡಿನಲ್ಲಿ ಅರಸನಿಲ್ಲದಿದ್ದ ಸಮಯದಲ್ಲಿ, 1652ರಲ್ಲಿ, ಮ್ಯಾಸಚೂಸೆಟ್ಸಿನವರು ಅಕ್ಕಸಾಲಿಗನಾದ ಜಾನ್ ಹಲ್ಲನ ಕೈಯಲ್ಲಿ ಟಂಕಸಾಲೆಯನ್ನು ತೆರೆಸಿದರು. ಮುಂದೆ ಪೈನ್ ಮರದ ಮುದ್ರೆ ಪಡೆದ ಆ ಷಿಲಿಂಗುಗಳಲ್ಲಿ, ಅವು ಹೊರನಾಡಿಗೆ ಹರಿದುಹೋಗದಿರಲೆಂದು, ಇಂಗ್ಲಿಷ್ ಷಿಲಿಂಗಿಗಿಂತ ಕಡಿಮೆ ಬೆಳ್ಳಿಯನ್ನು ಇಟ್ಟಿದ್ದರು. ಅರಸನು ಮರಳಿ ಬಂದ ಮೇಲೂ ಸುಮಾರು ಇಪ್ಪತ್ತು ವರ್ಷ ಕೆಲಸ ನಡೆಯಿತು; ಆದರೆ ಷಿಲಿಂಗುಗಳ ಮೇಲಿನ ಇಸವಿ ಮಾತ್ರ 1652 ಆಗಿಯೇ ಉಳಿಯಿತು. ಧರ್ಮಭೀರುಗಳೆಂದು ಹೆಸರಾದ ಆ ಜನರ ಈ ಜಾಣ್ಮೆಯನ್ನು ಕಂಡರೆ ನಗು ಬರುತ್ತದೆ. ಬೆಳ್ಳಿ ಬರುತ್ತಿದ್ದ ದಾರಿಯೂ ಅಷ್ಟೇನೂ ನಿರ್ಮಲವಲ್ಲ. ಒಳ್ಳೆಯ ಕಾಡ್ ಮೀನು ಸ್ಪೇನ್, ಪೋರ್ಚುಗಲ್ಲುಗಳಿಗೆ ಹೋಗುತ್ತಿದ್ದಿತು. ಕೆಟ್ಟ ಮೀನು ಕಬ್ಬಿನ ದ್ವೀಪಗಳ ಗುಲಾಮರ ಆಹಾರಕ್ಕೆ. ಅಲ್ಲಿಂದ ಬಂದ ಕಾಕಂಬಿಯು ನ್ಯೂ ಇಂಗ್ಲೆಂಡಿನ ಭಟ್ಟಿಗಳಲ್ಲಿ ರಮ್ ಆಗಿ, ಆ ರಮ್ಮಿನ ಒಂದು ಪಾಲು ಆಫ್ರಿಕದ ಕರಾವಳಿಯಲ್ಲಿ ಮತ್ತೆ ಮನುಷ್ಯರನ್ನು ಕೊಳ್ಳುತ್ತಿದ್ದಿತು. ಫ್ರೆಂಚ್ ದ್ವೀಪಗಳ ಕಾಕಂಬಿ ಅಗ್ಗವಾದುದು. 1733ರ ಶಾಸನವು ಅದರ ಮೇಲೆ ಗ್ಯಾಲನ್ನಿಗೆ 6 ಪೆನ್ಸು ಸುಂಕ ಹಾಕಿದರೆ, ಸುಂಕದವನ ಕೈ ಬಿಸಿಮಾಡಿ ವ್ಯಾಪಾರವು ಯಥಾಪ್ರಕಾರ ನಡೆಯಿತು.

ಕಾಗದದ ಹಣವು ಸೋಲಿನಿಂದ ಹುಟ್ಟಿತು. 1690ರಲ್ಲಿ ಕ್ವಿಬೆಕ್ಕಿನ ಮೇಲೆ ದಂಡೆತ್ತಿ ಹೋದ ವಿಲಿಯಂ ಫಿಪ್ಸನ ಸೈನ್ಯವು ಲೂಟಿಯಿಲ್ಲದೆ ಬರಿಗೈಯಲ್ಲಿ ಮರಳಿ ಸಂಬಳ ಕೇಳಿದಾಗ, ಮ್ಯಾಸಚೂಸೆಟ್ಸ್ ಸರ್ಕಾರವು 7,000 ಪೌಂಡಿನ ಚೀಟಿಗಳನ್ನು ಅಚ್ಚುಹಾಕಿ ಹಂಚಿತು. ಉಳಿದ ವಸಾಹತುಗಳೂ ಕ್ರಮೇಣ ಅದೇ ದಾರಿ ಹಿಡಿದವು. 1729ರಲ್ಲಿ ಕಾಗದದ ಹಣದ ಅವಶ್ಯಕತೆಯನ್ನು ಸಮರ್ಥಿಸಿ ಪುಸ್ತಿಕೆ ಬರೆದ ಬೆಂಜಮಿನ್ ಫ್ರಾಂಕ್ಲಿನ್ನನಿಗೆ ನೋಟು ಅಚ್ಚುಹಾಕುವ ಗುತ್ತಿಗೆಯೂ ಸಿಕ್ಕಿತು. ಖೋಟಾಗಾರರಿಗೆ ಅನುಕರಿಸಲು ಬಾರದಂತೆ, ನಿಜವಾದ ಮರದೆಲೆಯ ನರಗಳ ಅಚ್ಚನ್ನು ತೆಗೆದು ಅವನು ನೋಟಿನ ಮೇಲೆ ಒತ್ತಿದನು. 1740ರಲ್ಲಿ ಬಾಸ್ಟನ್ನಿನ ಕೆಲವರು ಭೂಮಿಯನ್ನು ಆಧಾರವಿಟ್ಟು ಚೀಟಿ ಹೊರಡಿಸುವ ಬ್ಯಾಂಕೊಂದನ್ನು ಕಟ್ಟಿದಾಗ, ಇಂಗ್ಲೆಂಡಿನ ಪಾರ್ಲಿಮೆಂಟು ಮರುವರ್ಷವೇ ಅದನ್ನು ಕಾನೂನುಬಾಹಿರವೆಂದು ಸಾರಿತು. ಅದರಲ್ಲಿ ಪಾಲುದಾರನಾಗಿದ್ದವನ ಮಗನೂ ಮುಂದೆ ಪಾರ್ಲಿಮೆಂಟಿನ ಕಡು ವಿರೋಧಿಯಾದವನೂ ಆದ ಸ್ಯಾಮ್ಯುಯೆಲ್ ಆಡಮ್ಸನು, ಆ ಬಾಕಿಗಾಗಿ ಮನೆಯನ್ನು ಹರಾಜು ಹಾಕಲು ಬಂದವರನ್ನು ಹಲವು ವರ್ಷಗಳವರೆಗೆ ತಡೆಯಬೇಕಾಯಿತು. ಅವನಿಗೆ ಪಾರ್ಲಿಮೆಂಟಿನ ಮೇಲಿದ್ದ ವೈರದ ಮೂಲವನ್ನು ತತ್ತ್ವಗ್ರಂಥಗಳಲ್ಲಿ ಮಾತ್ರ ಹುಡುಕಬೇಕಾಗಿಲ್ಲ.

ಕಾಗದವು ಪಾರ್ಲಿಮೆಂಟಿನೊಡನೆ ಜಗಳ ತಂದಂತೆ, ದಕ್ಷಿಣದಲ್ಲಿ ಎಲೆಯ ಹಣವು ಅರಸನೊಡನೆ ಜಗಳ ತಂದಿತು. ವರ್ಜಿನಿಯದ ಪಾದ್ರಿಗಳಿಗೆ ಕಾನೂನಿನಂತೆ ವರ್ಷಕ್ಕೆ 16,000 ಪೌಂಡು ಹೊಗೆಸೊಪ್ಪು ಸಂಬಳ. 1758ರಲ್ಲಿ ಬೆಳೆ ಕೆಟ್ಟು ಬೆಲೆಯು ಪೌಂಡಿಗೆ ಆರು ಪೆನ್ಸಿನ ಸಮೀಪಕ್ಕೆ ಏರಿದಾಗ, ಶಾಸನಸಭೆಯು ಎಲೆಯ ಬಾಕಿಗಳನ್ನು ಎರಡು ಪೆನ್ಸಿನ ದರದಲ್ಲಿ ನಗದಾಗಿ ತೀರಿಸಬಹುದೆಂದಿತು. ಬೆಲೆ ಬಿದ್ದ ವರ್ಷಗಳಲ್ಲಿ ನಷ್ಟವನ್ನು ನುಂಗಿಕೊಂಡಿದ್ದ ಪಾದ್ರಿಗಳು ಸಿಟ್ಟಾದರು; ಅರಸನು ಶಾಸನವನ್ನು ತಿರಸ್ಕರಿಸಿದನು; ಜೇಮ್ಸ್ ಮೌರಿ ಎಂಬ ಪಾದ್ರಿಯು ಹ್ಯಾನೊವರಿನ ನ್ಯಾಯಾಲಯದಲ್ಲಿ ದಾವಾ ಹೂಡಿ ಗೆದ್ದನು. ಪರಿಹಾರದ ಮೊತ್ತವನ್ನು ಗೊತ್ತುಮಾಡುವುದಷ್ಟೇ ಉಳಿದಿದ್ದಿತು. 1763ರ ಡಿಸೆಂಬರಿನಲ್ಲಿ ಎದುರುಪಕ್ಷದ ಪರವಾಗಿ ಎದ್ದು ನಿಂತ ಪ್ಯಾಟ್ರಿಕ್ ಹೆನ್ರಿ ಎಂಬ ತರುಣ ವಕೀಲನು, ಪ್ರಜೆಗಳ ಹಿತದ ಶಾಸನವನ್ನು ರದ್ದುಮಾಡುವ ಅರಸನು ವಿಧೇಯತೆಗೆ ಅರ್ಹನಲ್ಲವೆಂಬ ಅರ್ಥದ ಮಾತನ್ನಾಡಿದನು. ಪೀಠದಲ್ಲಿದ್ದ ನ್ಯಾಯಾಧೀಶನು ಅವನ ತಂದೆಯೇ. ಪಂಚರು ಹೊರಗೆ ಹೋಗಿ ಐದು ನಿಮಿಷದೊಳಗೆ ಮರಳಿ, ಪಾದ್ರಿಗೆ ಒಂದು ಪೆನ್ನಿ ಪರಿಹಾರವೆಂದು ತೀರ್ಪಿತ್ತರು.

1764ರಲ್ಲಿ ಪಾರ್ಲಿಮೆಂಟು ಎರಡು ಶಾಸನಗಳನ್ನು ಮಾಡಿತು. ಒಂದರಿಂದ ಕಾಕಂಬಿಯ ಸುಂಕವು 3 ಪೆನ್ಸಿಗೆ ಇಳಿದರೂ, ಈ ಬಾರಿ ಅದನ್ನು ನಿಜವಾಗಿ ವಸೂಲು ಮಾಡುವ ಕಾವಲು ಬಂದಿತು. ಬೆಳ್ಳಿ ಒಳಬರುವ ಕಳ್ಳದಾರಿ ಇಕ್ಕಟ್ಟಾಯಿತು. ಇನ್ನೊಂದು, ವಸಾಹತುಗಳ ಕಾಗದವನ್ನು ಸಾಲ ತೀರಿಸುವ ಕಡ್ಡಾಯ ಹಣವೆಂದು ಸಾರಕೂಡದೆಂದಿತು. ಬೆಳ್ಳಿಗೂ ಕಾಗದಕ್ಕೂ ಹೀಗೆ ಅಡ್ಡ ಕಟ್ಟಿದ ಮರುವರ್ಷವೇ ಬಂದ ಸ್ಟ್ಯಾಂಪು ಶಾಸನವು, ಕ್ರಯಪತ್ರ, ದಾವೆಯ ಕಾಗದ, ಪತ್ರಿಕೆ, ಪಂಚಾಂಗ, ಇಸ್ಪೀಟು ಎಲೆಗಳವರೆಗೆ ಎಲ್ಲಕ್ಕೂ ಸುಂಕ ವಿಧಿಸಿ, ಅದನ್ನು ಇಂಗ್ಲಿಷ್ ಹಣದ ಲೆಕ್ಕದಲ್ಲಿ, ಬೆಳ್ಳಿಯ ತೂಕದಲ್ಲಿ ಕೇಳಿತು. ಸ್ಟ್ಯಾಂಪು ಕೊಳ್ಳಲೊಲ್ಲದೆ ಹಲವೆಡೆ ನ್ಯಾಯಾಲಯಗಳೇ ಮುಚ್ಚಿದ್ದರಿಂದ ಸಾಲ ಕೊಟ್ಟವರ ದಾವೆಗಳೂ ನಿಂತುಹೋದವು. ದೇಶಾಭಿಮಾನದೊಡನೆ ಈ ಅನುಕೂಲವೂ ಕೂಡಿಬಂದುದನ್ನು ಸಾಲಗಾರರು ಬೇಡವೆಂದಿರಲಾರರು. 1766ರ ಫೆಬ್ರುವರಿಯಲ್ಲಿ ಪಾರ್ಲಿಮೆಂಟಿನ ಮುಂದೆ ವಿಚಾರಣೆಗೆ ನಿಂತ ಫ್ರಾಂಕ್ಲಿನ್ನನು, ಆ ಸುಂಕವನ್ನು ಒಂದು ವರ್ಷದ ಮಟ್ಟಿಗೆ ತೆರುವಷ್ಟು ಚಿನ್ನ ಬೆಳ್ಳಿ ಸಹ ವಸಾಹತುಗಳಲ್ಲಿ ಇಲ್ಲವೆಂದು ಹೇಳಿದನು. ಮಾರ್ಚಿನಲ್ಲಿ ಸ್ಟ್ಯಾಂಪು ಶಾಸನವು ರದ್ದಾಯಿತು. ಕಾಗದದ ಹಣದ ಮೇಲಿನ ನಿರ್ಬಂಧವು ಉಳಿಯಿತು, ಮತ್ತು ಅದನ್ನು ಪಾರ್ಲಿಮೆಂಟು ಕೊಂಚ ಸಡಿಲಿಸಿದುದು 1773ರಲ್ಲಿ.